ಸುಟ್ಟರೂ ಸಾಯದ ಡ್ರೀಮ್‌ಲ್ಯಾಂಡ್!

"ಅಲ್ಲ ಭಾವ, ಐದು ಸಾವಿರ ಮೈಲಿ ಹಾರಿಬಂದು ಮುಚ್ಚಿದ ಟಾಕೀಸು ನೋಡ್ತೀನಿ ಅಂತೀರಲ್ಲ! ಅಂಥವು ನಮ್ಮ ಗಾಂಧಿನಗರದಲ್ಲೇ ಬೇಕಾದಷ್ಟಿಲ್ವೆ?"

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನಲ್ಲಿ ನಿಂತು ನನ್ನ ಭಾವಮೈದ ಹಣೆ ಚಚ್ಚಿಕೊಂಡ. ಅದು 2018ರ ಆಗಸ್ಟ್. ಅವನು ನನಗಾಗಿ ಹಾಕಿಟ್ಟಿದ್ದ ಪ್ರೋಗ್ರಾಮೇ ಬೇರೆ. ಅರಮನೆ, ದೊಡ್ಡ ಗಡಿಯಾರ, ಮೇಣದ ಬೊಂಬೆಗಳ ಪಕ್ಕದಲ್ಲಿ ಫೋಟೋ... ನನ್ನ ಹಟ ಮಾತ್ರ ಒಂದೇ. ಮಾರ್ಗೇಟ್!

ಆದರೆ ಅವನ ಮಾತು ಚುಚ್ಚದೆ ಇರಲಿಲ್ಲ. ಹಿಂದಿನ ವರ್ಷವಷ್ಟೇ ನಮ್ಮ ಕಪಾಲಿಯಲ್ಲಿ ಕೊನೆಯ ಆಟ ಮುಗಿದಿತ್ತು. ಫಸ್ಟ್ ಡೇ ಫಸ್ಟ್ ಷೋಗೆ ಅಲ್ಲಿ ಕ್ಯೂ ನಿಂತು ಬೆನ್ನಿಗೆ ಲಾಠಿ ರುಚಿ ಕಂಡವನು ನಾನು. ಮುಚ್ಚುತ್ತಾರೆ ಅಂದಾಗ ಏನು ಮಾಡಿದೆ? ಹೊರಗೆ ನಿಂತು ಒಂದು ಫೋಟೋ ತೆಗೆದುಕೊಂಡೆ, ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದೆ, ಮನೆಗೆ ಬಂದೆ. ಮಾರ್ಗೇಟಿನ ಅಭಿಮಾನಿಗಳು ಹಾಗೆ ಮಾಡಲಿಲ್ಲವಂತೆ. ಏನು ಮಾಡಿದರು, ಹೇಗೆ ಮಾಡಿದರು, ಕಣ್ಣಾರೆ ನೋಡಬೇಕೆಂಬ ಆಸೆ. "ಬಾರೋ ಸುಮ್ಮನೆ" ಎಂದು ಅವನನ್ನೂ ಎಳೆದುಕೊಂಡು ರೈಲು ಹತ್ತಿದೆ.

ಒಂದೂವರೆ ಗಂಟೆ. ಕೆಂಟ್ ಜಿಲ್ಲೆಯ ಹಸಿರು ಗದ್ದೆಗಳು ಮುಗಿಯುವಲ್ಲಿ ಸಮುದ್ರ. ಸ್ಟೇಷನ್ನಿನಿಂದ ಹೊರಬಂದು ದಂಡೆಯ ರಸ್ತೆಗೆ ತಿರುಗಿದರೆ ಎಡಗಡೆ ಬಿಲ್ಲಿನಂತೆ ಬಾಗಿದ ಮರಳು, ಬಲಗಡೆ ಕಾಂಕ್ರೀಟಿನ ಒಂದು ದೈತ್ಯ ಅಪಾರ್ಟ್‌ಮೆಂಟು. ಅದನ್ನು ದಾಟಿದಿರೋ, ಇಟ್ಟಿಗೆ ಬಣ್ಣದ ಒಂದು ಗೋಪುರ ಮೀನಿನ ಈಜುರೆಕ್ಕೆಯಂತೆ ಆಕಾಶಕ್ಕೆ ಎದ್ದು ನಿಂತಿದೆ. ಅದರ ಮೇಲೆ ಅಕ್ಷರದ ಕೆಳಗೆ ಅಕ್ಷರ. ಡ್ರೀಮ್‌ಲ್ಯಾಂಡ್! ಕನಸಿನ ನಾಡು!

ಇದೇ ಆ ಟಾಕೀಸು. 1935ರಲ್ಲಿ ತೆರೆಯಿತು. ಲೆದಾರ್ಟ್ ಮತ್ತು ಗ್ರ್ಯಾಂಜರ್ ಎಂಬ ಇಬ್ಬರು ಶಿಲ್ಪಿಗಳು ಕಟ್ಟಿದ್ದು. 2007ರಲ್ಲಿ ಬಾಗಿಲು ಹಾಕಿತು. ಕಾರಣ ನಮಗೆ ಹೊಸದೇನಲ್ಲ, ಊರ ಹೊರಗೊಂದು ಮಾಲು, ಮಾಲಿನೊಳಗೊಂದು ಮಲ್ಟಿಪ್ಲೆಕ್ಸು. ಬೀಗ ಹಾಕಿದ್ದ ಬಾಗಿಲಿನ ಮುಂದೆ ನಾನು ನಿಂತೇ ಇದ್ದೆ. ಭಾವಮೈದ ಕೈಗಡಿಯಾರ ನೋಡಿದ. ಅಷ್ಟರಲ್ಲಿ ಕಟ್ಟಡದ ಹಿಂದಿನಿಂದ ಕಟಕಟ ಕಟಕಟ ಎಂಬ ಸದ್ದು, ಹಿಂದೆಯೇ ನೂರು ಹುಡುಗಿಯರು ಒಟ್ಟಿಗೆ ಕಿರುಚಿದಂತೆ ಒಂದು ಕೂಗು!

"ಏನ್ ಭಾವ ಅದು?"

"ಅದೇ ಕಣೋ ಹೀರೋ. ಬಾ."

ಬ್ರೇಕು ಹಾಕುವವನೂ ಜೊತೆಗೇ ಬರ್ತಾನೆ

ಟಾಕೀಸಿನ ಬೆನ್ನಿಗೇ ಅಂಟಿಕೊಂಡಿದೆ ಡ್ರೀಮ್‌ಲ್ಯಾಂಡ್ ಪಾರ್ಕು. ನಮ್ಮ ದಸರಾ ಎಕ್ಸಿಬಿಷನ್ನನ್ನು ಸಮುದ್ರದ ಪಕ್ಕಕ್ಕೆ ತಂದು ವರ್ಷಗಟ್ಟಲೆ ಬಿಟ್ಟರೆ ಹೇಗೋ ಹಾಗೆ. ರಂಕುಲರಾಟೆ, ಕುದುರೆಗಳ ಮೆರ್ರಿ-ಗೋ-ರೌಂಡ್, ಢಿಕ್ಕಿ ಹೊಡೆಯುವ ಕಾರುಗಳು, ಸಕ್ಕರೆ ಸುಡುವ ವಾಸನೆ. ಇವೆಲ್ಲವನ್ನೂ ಒಂದು ಕಡೆಯಿಂದ ಬಳಸಿಕೊಂಡು ನಿಂತಿದೆ ಮರದ ಅಸ್ಥಿಪಂಜರ. ಅದೇ 'ಸೀನಿಕ್ ರೈಲ್ವೆ'. 1920ರಲ್ಲಿ ಮೊದಲು ಓಡಿದ ಮರದ ರೋಲರ್ ಕೋಸ್ಟರ್. ಬ್ರಿಟನ್ನಿನಲ್ಲಿ ಇದಕ್ಕಿಂತ ಹಳೆಯ ರೋಲರ್ ಕೋಸ್ಟರ್ ಇನ್ನೊಂದಿಲ್ಲ.

ಎತ್ತರ ಸುಮಾರು 40 ಅಡಿ. ಇಷ್ಟೇನಾ, ವಂಡರ್‌ಲಾದಲ್ಲಿ ಇದರಪ್ಪನಂಥದ್ದಿದೆ ಅಂತೀರಾ? ಸ್ವಲ್ಪ ತಾಳಿ. ಈಗಿನ ಕೋಸ್ಟರುಗಳಲ್ಲಿ ಹಳಿಯ ಕೆಳಗಿನಿಂದಲೂ ಚಕ್ರವೊಂದು ಕಚ್ಚಿ ಹಿಡಿದಿರುತ್ತದೆ. ತಲೆಕೆಳಗಾದರೂ ಗಾಡಿ ಬೀಳುವುದಿಲ್ಲ. ಇದರಲ್ಲಿ ಆ ಏರ್ಪಾಡೇ ಇಲ್ಲ! ಗಾಡಿ ಹಳಿಯ ಮೇಲೆ ತನ್ನ ಭಾರದಿಂದಲೇ ಕೂತಿರುತ್ತದೆ. ಕೇಬಲ್ ಹಿಡಿದು ಮೇಲಕ್ಕೆ ಏರಿಸುತ್ತದೆ, ಅಲ್ಲಿಂದ ಮುಂದೆ ಭೂಮಿತಾಯಿಯ ಸೆಳೆತವೇ ಇಂಜಿನ್. ವೇಗ ಹೆಚ್ಚಾದರೆ? ಅದಕ್ಕೆಂದೇ ಗಾಡಿಯಲ್ಲೇ ಒಬ್ಬ ಬ್ರೇಕ್‌ಮನ್ ನಿಂತಿರುತ್ತಾನೆ. ಪ್ರಯಾಣಿಕರ ಜೊತೆಗೇ ಏರುತ್ತಾನೆ, ಜೊತೆಗೇ ಇಳಿಯುತ್ತಾನೆ. ಎಲ್ಲಿ ಬಿಡಬೇಕು, ಎಲ್ಲಿ ಎಳೆಯಬೇಕು, ಎಲ್ಲ ಅವನ ಕೈಯ ಅಂದಾಜು. ನಮ್ಮ ಗಾಡಿಯಲ್ಲಿದ್ದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಭಾವಮೈದ ಅವಳ ತೋಳು ನೋಡಿದ, ನನ್ನ ಮುಖ ನೋಡಿದ, ಕಂಬಿ ಗಟ್ಟಿಯಾಗಿ ಹಿಡಿದುಕೊಂಡ.

ಮೇಲೆ ಹೋದಾಗ ಒಂದು ಕ್ಷಣ ಎಲ್ಲವೂ ಕಾಣುತ್ತದೆ. ಸಮುದ್ರ, ಮರಳು, ಟಾಕೀಸಿನ ಗೋಪುರದ ಬೆನ್ನು. ಮರುಕ್ಷಣ ಹೊಟ್ಟೆ ಎಲ್ಲೋ, ನಾವೆಲ್ಲೋ! ಮರ ನಡುಗುವುದು ಸೀಟಿನ ಮೂಲಕ ಬೆನ್ನುಮೂಳೆಗೆ ಬರುತ್ತದೆ. ಕಬ್ಬಿಣದ ಕೋಸ್ಟರಿನಲ್ಲಿ ಆ ನಡುಕ ಸಿಗಲಾರದು. ಇಳಿದಾಗ ಭಾವಮೈದನ ಕೂದಲು ನೆಟ್ಟಗಾಗಿತ್ತು. "ಇನ್ನೊಂದು ರೌಂಡು?" ಅಂದ. ನನ್ನ ವಯಸ್ಸು ಒಪ್ಪಲಿಲ್ಲ, ಅವನೊಬ್ಬನೇ ಹೋದ.

ಸಿನಿಮಾದಲ್ಲಿ ಕಳೆದ ಕನಸುಗಾರ

ಅವನು ಇಳಿದು ಬರುವುದರೊಳಗೆ ಫ್ಲಾಷ್‌ಬ್ಯಾಕ್ ಹೇಳಿ ಮುಗಿಸುತ್ತೇನೆ. ಇಲ್ಲಿ ಮೊದಲಿದ್ದದ್ದು ಕೆಲಸಕ್ಕೆ ಬಾರದೆ ಹೋದ ಒಂದು ರೈಲ್ವೆ ಸ್ಟೇಷನ್. 1867ರಲ್ಲಿ ಅದನ್ನು ಊಟ-ಕುಣಿತದ ಹಾಲ್ ಮಾಡಿದರು. ಆಮೇಲೆ ಬಂದವನು ಜಾರ್ಜ್ ಸ್ಯಾಂಗರ್ ಎಂಬ ಸರ್ಕಸ್ ಮಾಲೀಕ. ತನಗೆ ತಾನೇ 'ಲಾರ್ಡ್' ಪದವಿ ಕೊಟ್ಟುಕೊಂಡ ಭೂಪ! ಅವನು ಕಾಡುಮೃಗಗಳನ್ನು ಇರಿಸಿದ್ದ ಬೋನುಗಳು ಪಾರ್ಕಿನ ಅಂಚಿನಲ್ಲಿ ಕೋಟೆಯಂಥ ಗೋಡೆಯೊಡನೆ ಉಳಿದುಕೊಂಡಿವೆ.

1919ರಲ್ಲಿ ಜಾಗ ಕೊಂಡವನು ಜಾನ್ ಹೆನ್ರಿ ಐಲ್ಸ್. ಅಮೆರಿಕದ ಕೋನಿ ಐಲೆಂಡಿನಲ್ಲಿದ್ದು ಬೆಂಕಿಗೆ ಬಲಿಯಾಗಿದ್ದ ಡ್ರೀಮ್‌ಲ್ಯಾಂಡಿನ ಹೆಸರನ್ನು ಇಲ್ಲಿಗಿಟ್ಟ. ಬೆಂಕಿಯ ಹಣೆಬರಹ ಹೆಸರಿನ ಜೊತೆಗೇ ಬಂತೋ ಏನೋ! ಲಂಡನ್ನಿನ ಕೂಲಿ ಜನ ವಾರದ ಸಂಬಳ ಹಿಡಿದು ರೈಲಿನಲ್ಲಿ ಬಂದು ಮುಗಿಬಿದ್ದರು. ಐಲ್ಸನ ಗಲ್ಲಾ ಪೆಟ್ಟಿಗೆ ತುಂಬಿ ತುಳುಕಿತು. ಅಷ್ಟಕ್ಕೆ ಸುಮ್ಮನಿರಬಾರದೆ? ಸಿನಿಮಾ ನಿರ್ಮಾಣಕ್ಕೆ ಕೈ ಹಾಕಿದ. 1938ರಲ್ಲಿ ದಿವಾಳಿ! ರೋಲರ್ ಕೋಸ್ಟರಿನಲ್ಲಿ ಗಳಿಸಿದ್ದನ್ನು ಸಿನಿಮಾದಲ್ಲಿ ಕಳೆದವನು. ಗಾಂಧಿನಗರದ ನಿರ್ಮಾಪಕರು ಯಾರಾದರೂ ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು.

ಸಿನಿಮಾ ಈ ಜಾಗವನ್ನು ಮಾತ್ರ ಬಿಡಲಿಲ್ಲ. 1953ರಲ್ಲಿ ಲಿಂಡ್ಸೆ ಆಂಡರ್ಸನ್ ಎಂಬ ನಿರ್ದೇಶಕ ಇಲ್ಲಿಯೇ 'ಓ ಡ್ರೀಮ್‌ಲ್ಯಾಂಡ್' ಎಂಬ ಹನ್ನೆರಡು ನಿಮಿಷದ ಚಿತ್ರ ತೆಗೆದ. ಯಂತ್ರದ ಬೊಂಬೆ ಗಹಗಹಿಸಿ ನಗುತ್ತಲೇ ಇರುತ್ತದೆ, ಜನ ಮಂಕಾಗಿ ನಡೆಯುತ್ತಲೇ ಇರುತ್ತಾರೆ. ಬಡವರ ಮೋಜೆಂದರೆ ಇಷ್ಟೇ ಎಂದು ಆತನಿಗೆ ಸಿಟ್ಟು. ಚಿತ್ರ ಒಳ್ಳೆಯದೇ. ಆದರೆ ನನ್ನ ಕೇಳಿದರೆ ಆ ಸಿಟ್ಟು ಬಾಲ್ಕನಿಯಲ್ಲಿ ಕೂತವನದು. ಆತ ಈ ಗಾಡಿಯಲ್ಲಿ ಕೂತು ಒಂದು ಸಲ ಕಿರುಚಿದ್ದನೋ ಇಲ್ಲವೋ! 1989ರಲ್ಲಿ ಇಂಗ್ಲೀಷರ ಅಚ್ಚುಮೆಚ್ಚಿನ ಟೀವಿ ಹಾಸ್ಯ 'ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್' ತಂಡ ಬಸ್ಸು ಮಾಡಿಕೊಂಡು ಬಂದು ಇಲ್ಲೇ ಕುಣಿಯಿತು. 2000ದಲ್ಲಿ ಪಾವೆಲ್ ಪಾವ್ಲಿಕೋವ್‌ಸ್ಕಿ 'ಲಾಸ್ಟ್ ರೆಸಾರ್ಟ್' ಚಿತ್ರದಲ್ಲಿ ಆಶ್ರಯ ಕೇಳಿ ಬಂದು ಸಿಕ್ಕಿಬಿದ್ದ ರಷ್ಯದ ಹೆಣ್ಣನ್ನು ಇದೇ ದಂಡೆಯ ಮೇಲೆ ನಿಲ್ಲಿಸಿದ. ಅಷ್ಟು ಹೊತ್ತಿಗೆ ಊರು ಬಡಕಲಾಗಿತ್ತು. ಅಗ್ಗದ ವಿಮಾನ ಬಂದ ಮೇಲೆ ಇಂಗ್ಲೀಷಿನವನು ಬಿಸಿಲಿಗೆಂದು ಸ್ಪೇನಿಗೆ ಹಾರತೊಡಗಿದ್ದ. ಮಾರ್ಗೇಟಿನ ಅಂಗಡಿಗಳ ಷಟರುಗಳು ಒಂದೊಂದಾಗಿ ಕೆಳಗಿಳಿದವು.

ಫೈಟಿಂಗ್ ಶುರು

ಪಾರ್ಕು ಕೈಯಿಂದ ಕೈಗೆ ಹೋಯಿತು. 2003ರ ಹೊತ್ತಿಗೆ ಸುದ್ದಿ ಹಬ್ಬಿತು. ಪಾರ್ಕು ಮುಚ್ಚುತ್ತಾರೆ, ಜಾಗಕ್ಕೆ ಬೇರೆ ಯೋಜನೆ ಇದೆ. ಸಮುದ್ರಕ್ಕೆದುರಾದ ನೆಲ, ಬೆಲೆ ಹೇಳಬೇಕೆ?

ಇಲ್ಲಿ ಎಂಟ್ರಿ ಕೊಡುತ್ತಾನೆ ನಿಕ್ ಲೈಸ್ಟರ್. ಆರು ಅಡಿ ಎತ್ತರ, ಆರು ಪ್ಯಾಕಿನ ಹೊಟ್ಟೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಊರು-ಕಟ್ಟಡಗಳ ಕಾನೂನು ಅರೆದು ಕುಡಿದ ಪ್ಲ್ಯಾನಿಂಗ್ ಸಲಹೆಗಾರ. ಜೊತೆಗೆ ರೋಲರ್ ಕೋಸ್ಟರಿನ ಹುಚ್ಚು ಅಭಿಮಾನಿ. ಪಾರ್ಕಿಗೆ ಕುತ್ತು ಬರುವ ಮೊದಲೇ ಅವನು ಸರ್ಕಾರಕ್ಕೆ ಅರ್ಜಿ ಬರೆದಿದ್ದ. 'ಈ ಮರದ ಕೋಸ್ಟರನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿ.' ಚರ್ಚು, ಕೋಟೆ, ಅರಮನೆಗಳ ಪಟ್ಟಿಗೆ ಜಾತ್ರೆಯ ಆಟದ ಗಾಡಿ! ನಗುವ ಮಾತೇ. ಆದರೆ 2002ರಲ್ಲಿ ಪಟ್ಟಿಗೆ ಸೇರಿಯೇಬಿಟ್ಟಿತು. ಆ ದೇಶದಲ್ಲಿ ಹಾಗೆ ರಕ್ಷಣೆ ಪಡೆದ ಮೊದಲ ಆಟದ ಗಾಡಿ ಇದು.

ಅದರ ಅರ್ಥ ಗೊತ್ತೇ? ಪಾರ್ಕಿನ ಮಾಲೀಕ ಯಾರೇ ಆಗಿರಲಿ, ಸರ್ಕಾರದ ಒಪ್ಪಿಗೆ ಇಲ್ಲದೆ ಆ ಮರದ ರಚನೆಯ ಒಂದು ತುಂಡನ್ನೂ ಕೀಳುವಂತಿಲ್ಲ. ಅದು ಕೂತಿರುವುದು ಪಾರ್ಕಿನ ನೆಲದ ನಡುವೆ. ಅದನ್ನು ಕೀಳದೆ ಇನ್ನೇನು ಕಟ್ಟುತ್ತೀರಿ? ಒಂದು ಹಾಳೆ ಕಾಗದ ಬುಲ್‌ಡೋಜರಿಗೆ ಅಡ್ಡ ಮಲಗಿತು!

2003ರಲ್ಲಿ ಲೈಸ್ಟರ್ 'ಸೇವ್ ಡ್ರೀಮ್‌ಲ್ಯಾಂಡ್' ಚಳವಳಿ ಕಟ್ಟಿದ. ಸಹಿ ಸಂಗ್ರಹ, ಪತ್ರಗಳ ಮೇಲೆ ಪತ್ರ, ಸಭೆಗಳಲ್ಲಿ ವಾದ. ಬರೀ 'ಮುಚ್ಚಬೇಡಿ' ಎಂಬ ಕೂಗಲ್ಲ. ಬೇರೆ ಊರುಗಳಲ್ಲಿ ಮುಚ್ಚಿಹೋದ ಪಾರ್ಕುಗಳ ಹಳೆಯ ಆಟಗಳನ್ನು ಗುಜರಿಗೆ ಹೋಗದಂತೆ ತಂದಿಟ್ಟು, ಇದನ್ನು ಓಡಾಡುವ ಮ್ಯೂಸಿಯಂ ಮಾಡೋಣ ಎಂಬ ಪ್ಲಾನೂ ಅವರ ಕೈಯಲ್ಲಿತ್ತು. ಕಾಗದದ ಬೆಲೆ ತಿಳಿಯಬೇಕೆಂದರೆ ಸೌತ್‌ಪೋರ್ಟ್ ನೋಡಿ. ಅಲ್ಲಿಯೂ 1937ರ ಮರದ ಕೋಸ್ಟರ್ ಇತ್ತು. ಅಭಿಮಾನಿಗಳೂ ಇದ್ದರು. ಪಟ್ಟಿಯಲ್ಲಿ ಹೆಸರಿರಲಿಲ್ಲ. 2006ರಲ್ಲಿ ಕೆಡವಿದರು.

ಆದರೆ ಕಾಗದ ಬೆಂಕಿಯನ್ನು ತಡೆಯಲಾರದು. 2008ರ ಏಪ್ರಿಲ್ 7. ಮುಚ್ಚಿದ ಪಾರ್ಕಿನೊಳಗಿಂದ ಎದ್ದ ಕಪ್ಪು ಹೊಗೆ ದಂಡೆಯುದ್ದಕ್ಕೂ ಕಂಡಿತು. ಸೀನಿಕ್ ರೈಲ್ವೆಯ ಸುಮಾರು ಕಾಲುಭಾಗ, ಅದರ ಸ್ಟೇಷನ್ನು, ಗಾಡಿಗಳು ಎಲ್ಲ ಬೂದಿ. ಯಾರೋ ಬೇಕೆಂದೇ ಹಚ್ಚಿದ್ದು ಎಂಬುದು ಅನುಮಾನ.

ನಾನಾಗಿದ್ದರೆ ಅಂದೇ ಕೈಚೆಲ್ಲುತ್ತಿದ್ದೆ. ಅವರು? ಉಳಿದ ಮುಕ್ಕಾಲು ಭಾಗ ಇನ್ನೂ ಪಟ್ಟಿಯಲ್ಲಿದೆಯಲ್ಲ ಎಂದರು! ಅದೇ ವರ್ಷ ಟಾಕೀಸಿನ ದರ್ಜೆ ಏರಿತು. 2011ರಲ್ಲಿ ಸುಟ್ಟ ಕೋಸ್ಟರಿನ ದರ್ಜೆಯೂ ಏರಿತು. ಸುಟ್ಟ ಮೇಲೆ ಪ್ರಮೋಷನ್ ಪಡೆದ ಹೀರೋ ಯಾವ ಸಿನಿಮಾದಲ್ಲಿದ್ದಾನೆ ಹೇಳಿ! ಚಳವಳಿಯವರು ಟ್ರಸ್ಟ್ ಮಾಡಿಕೊಂಡಿದ್ದರು. ಸರ್ಕಾರದ ಹಣ, ಲಾಟರಿ ನಿಧಿಯ ಹಣ ಬಂತು. ಥಾನೆಟ್ ಕೌನ್ಸಿಲ್, ಅಂದರೆ ಅಲ್ಲಿಯ ನಗರಸಭೆಯಂಥದ್ದು, ಜಾಗವನ್ನು ಕಡ್ಡಾಯವಾಗಿ ವಶಪಡಿಸಿಕೊಳ್ಳಲು ಹೊರಟಿತು. ವಿಚಾರಣೆ, ಕೋರ್ಟು, ಮೇಲ್ಮನವಿ. 2013ರ ಸೆಪ್ಟೆಂಬರಿನಲ್ಲಿ ಬೀಗದ ಕೈ ಕೌನ್ಸಿಲ್ಲಿಗೆ ಬಂತು. ಹತ್ತು ವರ್ಷ! ನಮ್ಮಲ್ಲಿ ಚಿತ್ರ ನೂರು ದಿನ ಓಡಿದರೆ ಕಟೌಟಿಗೆ ಹಾಲು ಸುರಿಯುತ್ತೇವೆ. ಅವರು ಹತ್ತು ವರ್ಷ ಫೈಲಿನ ಹಿಂದೆ ಓಡಿದರು.

2015ರ ಜೂನ್ 19ರಂದು ಡ್ರೀಮ್‌ಲ್ಯಾಂಡ್ ಮತ್ತೆ ತೆರೆಯಿತು. ವೇಯ್ನ್ ಹೆಮಿಂಗ್‌ವೇ ಎಂಬ ಡಿಸೈನರ್ ಹಳೆಯ ಕಾಲದ ಬಣ್ಣಗಳಲ್ಲಿ ಸಿಂಗರಿಸಿದ್ದ. ಆದರೆ ಸೀನಿಕ್ ರೈಲ್ವೆ ಅಂದು ಸಿದ್ಧವಿರಲಿಲ್ಲ! ಹೀರೋ ಇಲ್ಲದೆ ಮುಹೂರ್ತ. ಅಕ್ಟೋಬರಿನಲ್ಲಿ ಅದು ಓಡುವಷ್ಟರಲ್ಲಿ ಬೇಸಿಗೆ ಮುಗಿದು ಜನ ಮನೆ ಸೇರಿದ್ದರು. ವರ್ಷ ತುಂಬುವ ಮೊದಲೇ ನಡೆಸುತ್ತಿದ್ದ ಕಂಪನಿ ಸಾಲದಲ್ಲಿ ಮುಳುಗಿ ಬೇರೆಯವರ ಉಸ್ತುವಾರಿಗೆ ಬಿತ್ತು. ಹೊಸ ಬಂಡವಾಳ ಬಂದು 2017ರಲ್ಲಿ ಇನ್ನೊಂದು ಸಲ ಉದ್ಘಾಟನೆ. ನಾನು ಹೋದದ್ದು ಅದರ ಮರುವರ್ಷ.

ಎರಡನೆಯ ರೌಂಡು ಮುಗಿಸಿ ಭಾವಮೈದ ಬಂದು ಪಕ್ಕದಲ್ಲಿ ಕೂತ. ನನ್ನ ಇನ್ನೊಂದು ಪಕ್ಕದಲ್ಲಿ ಒಬ್ಬ ಮುದುಕ, ಕೈಯಲ್ಲಿ ಆಲೂಗಡ್ಡೆ ಚಿಪ್ಸು. ನೀವೂ ಸಹಿ ಹಾಕಿದ್ದಿರಾ ಎಂದು ಕೇಳಿದೆ. ಹಾಕಿದ್ದೆ, ಆದರೆ ಆಗುತ್ತದೆ ಅಂತ ನಂಬಿರಲಿಲ್ಲ ಎಂದ. ಮೊಮ್ಮಗಳು ಮೇಲೆ ಗಾಡಿಯಲ್ಲಿದ್ದಳು. ಅವಳ ಕಿರುಚಾಟ ಬಂದ ಕಡೆಗೆ ತಲೆಯೆತ್ತಿ ಚಿಪ್ಸು ಬೀಸಿದ.

2022ರ ಕೊನೆಯಲ್ಲಿ ಒಂದು ರಾತ್ರಿ ಭಾವಮೈದನ ಫೋನು. "ಭಾವ, ನಿಮ್ಮ ಮುಚ್ಚಿದ ಟಾಕೀಸು ಸಿನಿಮಾ ಸೇರಿದೆ!" ಸ್ಯಾಮ್ ಮೆಂಡಿಸ್ ನಿರ್ದೇಶನದ 'ಎಂಪೈರ್ ಆಫ್ ಲೈಟ್'. ನಾಯಕಿ ಒಲಿವಿಯಾ ಕೋಲ್ಮನ್, ಛಾಯಾಗ್ರಹಣ ರೋಜರ್ ಡೀಕಿನ್ಸ್. ಸಮುದ್ರ ದಂಡೆಯ ಒಂದು ಟಾಕೀಸಿನ ನೌಕರರ ಕತೆ. ಆಮೇಲೆ ನಾನೂ ನೋಡಿದೆ. ಗೋಪುರದ ಮೇಲಿನ ಹೆಸರು ಬದಲಾಗಿ 'ಎಂಪೈರ್' ಆಗಿತ್ತು. ಬಾಗಿಲ ಬೀಗ ತೆಗೆದಿತ್ತು, ದೀಪ ಹತ್ತಿತ್ತು. ಪ್ರೊಜೆಕ್ಷನ್ ರೂಮಿನಲ್ಲಿ ಟೋಬಿ ಜೋನ್ಸ್ ರೀಲು ಏರಿಸುತ್ತಿದ್ದ. ಕಪಾಲಿಯ ಜಾಗದ ಮುಂದೆ ನಾನು ಈಗಲೂ ಬಸ್ಸಿನಲ್ಲಿ ಹಾದುಹೋಗುತ್ತೇನೆ. ಆ ದೃಶ್ಯ ನೆನಪಾಗುತ್ತದೆ.

ಮಾರ್ಗೇಟಿಗೆ ಹೋಗುವವರಿಗೆ ಒಂದು ಮಾತು. ಸೀನಿಕ್ ರೈಲ್ವೆ ನೂರು ದಾಟಿದ ಮರದ ಗಾಡಿ. ರಿಪೇರಿಗೆಂದು ದಿನಗಟ್ಟಲೆ ನಿಂತದ್ದುಂಟು, ವರ್ಷಗಟ್ಟಲೆ ನಿಂತದ್ದೂ ಉಂಟು. ಓಡುತ್ತಿದೆಯೋ ಇಲ್ಲವೋ ಮೊದಲೇ ವಿಚಾರಿಸಿಕೊಂಡು ರೈಲು ಹತ್ತಿ. ಟೋಪಿ ಹಾಕಿಕೊಂಡು ಗಾಡಿಯಲ್ಲಿ ಕೂರಬೇಡಿ. ನನ್ನದು ಅಲ್ಲೇ ಎಲ್ಲೋ ಮರದ ತೊಲೆಗಳ ಸಂದಿಯಲ್ಲಿದೆ.