ಸೀತಾಳೆ ದಂಡೆ ಎಲ್ಲಿಂದ ಬಂತು?

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಗಣಿತದ ಟ್ಯೂಷನ್. ತಿಂಗಳಿನ ಎರಡನೇ ಭಾನುವಾರ ಅದೇ ಹತ್ತು ಗಂಟೆಗೆ, ನಮ್ಮೂರಿನ ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರ ಮನೆಯ ಜಗಲಿಯಲ್ಲಿ ಆರ್ಕಿಡ್ ಬೆಳೆಸುವವರ ಕೂಟ. ಮಗಳು ಯಾವುದಕ್ಕೆ ಹೋಗಬೇಕು ಎಂದು 2022ರ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಜಗಳ. ಅವಳಾಗ ಒಂಬತ್ತನೇ ತರಗತಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಕಿರುಪರೀಕ್ಷೆಯಲ್ಲಿ ಗಣಿತಕ್ಕೆ ಇಪ್ಪತ್ತೈದಕ್ಕೆ ಹನ್ನೊಂದು ಅಂಕ ತಂದು, ಆ ಹಾಳೆಯನ್ನೇ ಮಡಚಿ ಅದರಲ್ಲಿ ಯಾವುದೋ ಒಣಗಿದ ಬೇರನ್ನು ಇಟ್ಟುಕೊಂಡಿದ್ದಳು. ಯಾವ ತಾಯಿ ಸುಮ್ಮನಿದ್ದಾಳು?

ಕೊನೆಗೆ ಒಂದು ರಾಜಿಯಾಯಿತು. ಮೂರು ಭಾನುವಾರ ಟ್ಯೂಷನ್, ಎರಡನೇ ಭಾನುವಾರ ಮಾತ್ರ ಕೂಟ; ಜೊತೆಗೆ ನಾನೂ ಬರುತ್ತೇನೆ. ಗಿಡದ ಆಸೆಯಿಂದಲ್ಲ, ಕಾವಲಿಗೆ.

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಊರು. ಆ ಕೂಟಕ್ಕೆ ಇವತ್ತಿಗೂ ಹೆಸರಿಲ್ಲ, ಅಧ್ಯಕ್ಷರಿಲ್ಲ, ಬ್ಯಾನರು ಇಲ್ಲ. ಇರುವುದು ಒಂದು ದಪ್ಪ ರಿಜಿಸ್ಟರು ಮತ್ತು ಮೇಷ್ಟ್ರ ಹೆಂಡತಿ ಮಾಡುವ ಶುಂಠಿ ಕಷಾಯ. ಬರುವವರು ಹದಿನೈದಿಪ್ಪತ್ತು ಜನ. ಒಬ್ಬರು ದರ್ಜಿ, ಒಬ್ಬರು ಸೇನೆಯಿಂದ ನಿವೃತ್ತರಾದವರು, ನಾಲ್ಕೈದು ತೋಟದವರು, ಹೈಸ್ಕೂಲಿನ ಏಳೆಂಟು ಮಕ್ಕಳು. ದರ್ಜಿಯವರ ಅಂಗಡಿಯಲ್ಲಿ ಉಳಿಯುವ ಬಟ್ಟೆಯ ಪಟ್ಟಿಗಳಿಂದಲೇ ಕೂಟದವರು ಗಿಡಗಳನ್ನು ಮರಕ್ಕೆ ಕಟ್ಟುವುದು. ತಂತಿಯಾದರೆ ಬೇರನ್ನು ಕತ್ತರಿಸುತ್ತದೆ, ಹತ್ತಿಯ ಬಟ್ಟೆಯಾದರೆ ಬೇರು ಹಿಡಿಯುವ ಹೊತ್ತಿಗೆ ತಾನೇ ಕೊಳೆತು ಉದುರುತ್ತದೆ.

ಮೊದಲ ದಿನವೇ ನನ್ನ ಒಂದು ಅಜ್ಞಾನ ಬಯಲಾಯಿತು. ನಮ್ಮ ಅಪ್ಪ ವರ್ಷಕ್ಕೊಮ್ಮೆ ಕತ್ತಿ ಹಿಡಿದು ಮಾವಿನ ಮರ ಹತ್ತಿ, ಕೊಂಬೆಗಳ ಮೇಲಿನ ದಪ್ಪ ಎಲೆಯ ಗಿಡಗಳನ್ನೆಲ್ಲ ಕೆತ್ತಿ ಕೆಳಗೆ ಹಾಕುತ್ತಿದ್ದರು. ಎಲ್ಲವೂ ಬಂದಣಿಕೆ, ಮರದ ರಕ್ತ ಹೀರುತ್ತವೆ ಎಂದು. ಬಂದಣಿಕೆ ನಿಜಕ್ಕೂ ಹೀರುತ್ತದೆ. ಅದರ ಬೇರು ಕೊಂಬೆಯ ಒಳಗೇ ಇಳಿಯುತ್ತದೆ. ಆರ್ಕಿಡ್ ಹಾಗಲ್ಲ. ಮರ ಅದಕ್ಕೆ ಕೂರುವ ಮಣೆ ಅಷ್ಟೆ. ಮಳೆಯ ನೀರು, ಮಂಜು, ತೊಗಟೆಯ ಸಂದಿಯಲ್ಲಿ ಕೂಡಿದ ಕಸ, ಇಷ್ಟೇ ಅದರ ಊಟ. ಮೇಷ್ಟ್ರು ಒಂದು ಬೇರನ್ನು ತೋರಿಸಿದರು. ಒಣಗಿದಾಗ ಬೆಳ್ಳಿಯ ಹಾಗೆ ಬಿಳಿ. ಅದರ ಮೇಲೆ ಬೆರಳಿನಿಂದ ನೀರು ಸವರಿದರು, ನೋಡನೋಡುತ್ತಿದ್ದಂತೆ ಹಸಿರಾಯಿತು. ಹೊರಗಿನ ಆ ಸ್ಪಂಜಿನಂಥ ಪದರಕ್ಕೆ ವೆಲಮೆನ್ ಎಂದು ಹೆಸರು. ನೀರು ಕುಡಿದಾಗ ಅದು ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಮಗಳ ಹಾಳೆಯಲ್ಲಿದ್ದ ಬೇರು ಅಂಥದ್ದೇ ಆಗಿತ್ತು.

ಅಪ್ಪ ಕೆತ್ತಿ ಹಾಕಿದ್ದರಲ್ಲಿ ಹೆಚ್ಚಿನವು ಸೀತಾಳೆ ದಂಡೆಗಳು. ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಮುಂಗಾರಿನ ಆರಂಭಕ್ಕೆ ಮರದಿಂದ ನರಿಯ ಬಾಲದಂತೆ ಇಳಿಬೀಳುವ, ಗುಲಾಬಿ ಚುಕ್ಕೆಗಳ ಬಿಳಿ ಹೂವಿನ ಜಡೆ. ವನವಾಸದಲ್ಲಿ ಸೀತೆ ಮುಡಿದಿದ್ದಳು ಎಂದು ಅಜ್ಜಿ ಹೇಳುತ್ತಿದ್ದಳು. ಸಸ್ಯಶಾಸ್ತ್ರದಲ್ಲಿ ಇದು ರಿಂಕೋಸ್ಟೈಲಿಸ್ ರೆಟ್ಯೂಸ. ಇದೇ ಹೂವು ಅಸ್ಸಾಮಿನ ರಾಜ್ಯಪುಷ್ಪ, ಅಲ್ಲಿ ಕೊಪೌ ಫೂಲ್ ಎನ್ನುತ್ತಾರೆ, ಬಿಹು ಹಬ್ಬದಲ್ಲಿ ಹೆಣ್ಣುಮಕ್ಕಳು ಮುಡಿದು ಕುಣಿಯುತ್ತಾರೆ ಎಂದು ಸೇನೆಯಲ್ಲಿದ್ದವರು ಹೇಳಿದಾಗ ನನಗೆ ಯಾಕೋ ಹೆಮ್ಮೆಯಾಯಿತು, ನಮ್ಮೂರ ಹುಡುಗಿ ದೂರದಲ್ಲಿ ಹೆಸರು ಮಾಡಿದ ಹಾಗೆ.

ಕಾವಲಿಗೆ ಹೋದವಳು ಎರಡನೇ ತಿಂಗಳಿಗೆ ಶಿವಮೊಗ್ಗದಿಂದ ಆರುನೂರು ರೂಪಾಯಿ ಕೊಟ್ಟು ಒಂದು ಫೆಲನಾಪ್ಸಿಸ್ ತಂದೆ. ಚಿಟ್ಟೆಯಂಥ ನೇರಳೆ ಹೂವು. ಮೂರು ಹೊತ್ತೂ ನೀರು ಹಾಕಿದೆ. ಆರು ವಾರಕ್ಕೆ ಎಲೆ ಹಳದಿಯಾಗಿ ಬುಡ ಕೊಳೆಯಿತು. ಸತ್ತ ಗಿಡವನ್ನು ಕೂಟಕ್ಕೆ ತೆಗೆದುಕೊಂಡು ಹೋದಾಗ ಯಾರೂ ನಗಲಿಲ್ಲ. ಪ್ರತಿಯೊಬ್ಬರೂ ತಾವು ಕೊಂದ ಮೊದಲ ಗಿಡದ ಕಥೆ ಹೇಳಿದರು. ಎಲ್ಲರದ್ದೂ ನೀರಿನ ಕೊಲೆಯೇ. ಮರದ ಮೇಲೆ ಗಾಳಿಯಾಡುತ್ತ ಇರುವ ಬೇರು ಕುಂಡದ ಕೆಸರಿನಲ್ಲಿ ಉಸಿರು ಕಟ್ಟುತ್ತದೆ. ಇದ್ದಿಲು, ಇಟ್ಟಿಗೆಯ ಚೂರು, ತೆಂಗಿನ ಸಿಪ್ಪೆಯ ತುಂಡು, ಇವೇ ಅದಕ್ಕೆ ಮಣ್ಣು. ನೀರು ಬೆಳಿಗ್ಗೆ ಕೊಡಬೇಕು, ಕತ್ತಲಾಗುವ ಮೊದಲು ಎಲೆಯ ಸಂದಿ ಒಣಗಬೇಕು. ಪೇರಲೆಯಂತೆ ತೊಗಟೆ ಕಳಚುವ ಮರಕ್ಕೆ ಕಟ್ಟಬಾರದು. ಮಾವು, ಹಲಸು ಒಳ್ಳೆಯವು. ಹೂವಿನ ಮೊಗ್ಗು ಬಂದ ಮೇಲೆ ರಾತ್ರಿ ಟಾರ್ಚು ಹಿಡಿದು ಬಸವನಹುಳ ಆರಿಸಬೇಕು. ಈ ಕೊನೆಯ ಕೆಲಸಕ್ಕೆ ಮಕ್ಕಳು ಎಷ್ಟು ಹೊತ್ತಿಗೆ ಕರೆದರೂ ಸಿದ್ಧ.

ನಮ್ಮ ಅತ್ತೆಯೂ ಒಂದು ಭಾನುವಾರ ಬಂದರು. ಅವರು ಹೋಗಿದ್ದು ಕಷಾಯಕ್ಕೆ, ಆದರೆ ಆ ದಿನದ ಪಾಠ ಮಾಡಿದವರು ಅವರೇ. ಮಾತು ವೆನಿಲಾ ಬಗ್ಗೆ ಬಂದಿತ್ತು. ವೆನಿಲಾ ಕೂಡ ಆರ್ಕಿಡ್ ಎಂದು ಮೇಷ್ಟ್ರು ಹೇಳಿದಾಗ ಅತ್ತೆ, "ಅಯ್ಯೋ, ಹಾಗಾದರೆ ನಾನೂ ಆರ್ಕಿಡ್ ಬೆಳೆದವಳೇ" ಎಂದರು. 2003ರ ಸುಮಾರಿಗೆ ವೆನಿಲಾದ ಬೆಲೆ ಏರಿದಾಗ ಮಲೆನಾಡಿನ ತೋಟತೋಟದಲ್ಲಿ ಆ ಬಳ್ಳಿ ಹಬ್ಬಿತ್ತು, ಬೆಲೆ ಕುಸಿದಾಗ ಅಷ್ಟೇ ಬೇಗ ಮೂಲೆಗೆ ಸೇರಿತು. ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಅಷ್ಟರೊಳಗೆ ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಬೇಕು. ಅತ್ತೆ ತೆಂಗಿನ ಗರಿಯ ಕಡ್ಡಿಯೊಂದನ್ನು ಎತ್ತಿಕೊಂಡು, ಹೂವಿನೊಳಗಿನ ಪುಟ್ಟ ಪರದೆಯನ್ನು ಎತ್ತಿ ಹೆಬ್ಬೆರಳಿನಿಂದ ಒತ್ತುವ ಬಗೆಯನ್ನು ಗಾಳಿಯಲ್ಲೇ ಮಾಡಿ ತೋರಿಸಿದರು. ದಿನಕ್ಕೆ ನೂರಾರು ಹೂವು ಮುಟ್ಟಿಸಿದ ಕೈ ಅದು. ಇಪ್ಪತ್ತು ವರ್ಷವಾದರೂ ಮರೆತಿರಲಿಲ್ಲ. ಈ ಉಪಾಯವನ್ನು 1841ರಲ್ಲಿ ರೀಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಅಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಎಂದು ಮೇಷ್ಟ್ರು ಹೇಳಿದರು. ಮಕ್ಕಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೆರಡು ಎಂದರೆ ಏಳನೇ ತರಗತಿ. ಆ ಹುಡುಗನಿಗೆ ಅದರಿಂದ ಏನು ಸಿಕ್ಕಿತು ಎಂದು ಅತ್ತೆ ಕೇಳಿದರು. ಬಡತನದಲ್ಲೇ ಸತ್ತ ಎಂದರು ಮೇಷ್ಟ್ರು. "ವೆನಿಲಾ ಬೆಳೆದವರ ಹಣೆಬರಹವೇ ಅಷ್ಟು" ಎಂದು ಅತ್ತೆ ಕಷಾಯದ ಲೋಟ ಎತ್ತಿಕೊಂಡರು.

ಬೀಜದ ಪ್ರಯೋಗವನ್ನೂ ಹೇಳಬೇಕು. ಆರ್ಕಿಡ್‌ನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ, ಮುಟ್ಟಿದರೆ ಮುಖಕ್ಕೆ ಹಚ್ಚುವ ಪೌಡರಿನಂತೆ. ಭತ್ತಕ್ಕಾಗಲಿ ಹೆಸರುಕಾಳಿಗಾಗಲಿ ತಾಯಿಗಿಡ ಬುತ್ತಿ ಕಟ್ಟಿ ಕಳಿಸುತ್ತದೆ; ಇದಕ್ಕೆ ಬುತ್ತಿಯೇ ಇಲ್ಲ. ತೊಗಟೆಯ ಮೇಲೆ ತನಗೆ ಒಗ್ಗುವ ಶಿಲೀಂಧ್ರ ಸಿಕ್ಕಿ, ಅದರಿಂದ ಆಹಾರ ಪಡೆದರೆ ಮಾತ್ರ ಮೊಳಕೆ. 1899ರಲ್ಲಿ ನೋಯೆಲ್ ಬರ್ನಾರ್ ಎಂಬ ಫ್ರೆಂಚ್ ಯುವಕ ಇದನ್ನು ಗುರುತಿಸಿದ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಆ ಶಿಲೀಂಧ್ರವಿಲ್ಲದೆಯೇ, ಸಕ್ಕರೆ ಮತ್ತು ಲವಣಗಳನ್ನು ಬೆರೆಸಿದ ಅಗರ್ ಮೇಲೆ ಬೀಜ ಮೊಳೆಸಿ ತೋರಿಸಿದ. ಮಕ್ಕಳು ಅದನ್ನೇ ಮೇಷ್ಟ್ರ ಅಡುಗೆಮನೆಯ ಕುಕ್ಕರಿನಲ್ಲಿ ಮಾಡಹೊರಟರು. ಹನ್ನೆರಡು ಬಾಟಲಿಗಳಲ್ಲಿ ಹನ್ನೊಂದಕ್ಕೆ ಬೂಷ್ಟು ಬಂತು. ಹನ್ನೆರಡನೆಯದರಲ್ಲಿ ತಿಂಗಳುಗಳ ನಂತರ ಸಾಸಿವೆಯಷ್ಟು ಹಸಿರು ಚುಕ್ಕೆಗಳು ಕಂಡವು. ಅವು ಹೂ ಬಿಡಲು ಇನ್ನೂ ಎಷ್ಟೋ ವರ್ಷ ಬೇಕು. ಅಲ್ಲಿಯವರೆಗೆ ಬಾಟಲಿ ಯಾರ ಮನೆಯಲ್ಲಿರಬೇಕು ಎಂಬುದು ದೊಡ್ಡ ಚರ್ಚೆಯಾಯಿತು.

ಇನ್ನು ಆ ರಿಜಿಸ್ಟರಿನ ವಿಷಯ. ಅದರಲ್ಲಿ ನಾಲ್ಕು ಕಾಲಂ. ದಿನಾಂಕ, ಗಿಡದ ಹೆಸರು, ಯಾರಲ್ಲಿದೆ, ಎಲ್ಲಿಂದ ಬಂತು. ಕೂಟಕ್ಕಿರುವ ಒಂದೇ ನಿಯಮ ಆ ನಾಲ್ಕನೇ ಕಾಲಂ. ಬರೆಯಬಹುದಾದ ಉತ್ತರಗಳು ಕೆಲವೇ: ಕೊಂಡದ್ದು, ಒಬ್ಬರಿಂದೊಬ್ಬರು ಪಡೆದ ಮರಿ, ಗಾಳಿಗೆ ಮುರಿದು ತೋಟದಲ್ಲಿ ಬಿದ್ದ ಕೊಂಬೆಯದು, ಅನುಮತಿ ಪಡೆದು, ರಸ್ತೆಗಾಗಿ ಉರುಳಿಸಿದ ಮರದಿಂದ ಉಳಿಸಿದ್ದು. ನಿಂತ ಮರದಿಂದ ಕಿತ್ತದ್ದಕ್ಕೆ ಅಲ್ಲಿ ಜಾಗವಿಲ್ಲ. ಭಾರತದಲ್ಲಿ 1,256 ಬಗೆಯ ಆರ್ಕಿಡ್‌ಗಳನ್ನು ಸಸ್ಯ ಸರ್ವೇಕ್ಷಣಾಲಯ 2019ರಲ್ಲಿ ಪಟ್ಟಿ ಮಾಡಿದೆಯಂತೆ. ಆ ಪಟ್ಟಿ ಕಿರಿದಾಗುವುದು ಕಾಡು ಕಡಿಯುವುದರಿಂದ ಮಾತ್ರವಲ್ಲ, ಪ್ರೀತಿಸುವವರ ಕೈಯಿಂದಲೂ ಎಂದು ಮೇಷ್ಟ್ರು ಒಮ್ಮೆ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ, ಬೇರೆಯವರ ಬಗ್ಗೆ ಹೇಳಿದ ಮಾತೆಂದುಕೊಂಡು.

2023ರ ಜೂನ್ ಎರಡನೇ ಭಾನುವಾರ ಕೂಟದ ಹೂವಿನ ಪ್ರದರ್ಶನ. ಶಾಲೆಯ ಸಭಾಂಗಣದಲ್ಲಿ ಉದ್ದದ ಮೇಜು, ಊರಿನವರೆಲ್ಲ ಬಂದು ನೋಡುತ್ತಾರೆ. ಬಹುಮಾನವೇನೂ ಇಲ್ಲ. ಆದರೂ ಮಕ್ಕಳ ಹೆಸರನ್ನು ಗಿಡದ ಮುಂದೆ ಚೀಟಿಯಲ್ಲಿ ಬರೆದಿಡುತ್ತಾರೆ, ಅವರ ತಾಯಂದಿರು ಅದರ ಪಕ್ಕದಲ್ಲೇ ಸುಳಿದಾಡುತ್ತಾರೆ. ಮಗಳ ಬಳಿ ಇದ್ದದ್ದು ಹೂವಿಲ್ಲದ ಎರಡು ಮರಿಗಳು ಮಾತ್ರ. ಬೇರೆಯವರ ಮಕ್ಕಳ ಗಿಡಗಳಲ್ಲಿ ಹೂವಿದ್ದವು. ನನಗೆ ತಡೆಯಲಾಗಲಿಲ್ಲ. ಮರ ಹತ್ತುವ ಹುಡುಗನೊಬ್ಬನಿಗೆ ಇನ್ನೂರು ರೂಪಾಯಿ ಕೊಟ್ಟು, ಎಲ್ಲಿಂದಾದರೂ ಒಂದು ಒಳ್ಳೆಯ ಸೀತಾಳೆ ದಂಡೆ ತಾ ಎಂದೆ. ಮಾರನೆಯ ದಿನ ತಂದ. ಎರಡು ಜಡೆ ಹೂವು, ಒಂದೊಂದೂ ಮೊಳದುದ್ದ. ಬೇರುಗಳು ತುಂಡಾಗಿದ್ದವು, ಅದನ್ನು ಪಾಚಿಯಿಂದ ಮುಚ್ಚಿ ಹಲಗೆಗೆ ಕಟ್ಟಿದೆ. ಮಗಳಿಗೆ, "ಅತ್ತೆಯ ತವರಿನಲ್ಲಿ ಬಿದ್ದ ಕೊಂಬೆಯದು" ಎಂದೆ.

ಅವಳು ಅದನ್ನು ತಿರುಗಿಸಿ ಬುಡ ನೋಡಿದಳು. ಏನೂ ಹೇಳಲಿಲ್ಲ.

ಪ್ರದರ್ಶನದ ದಿನ ಮಕ್ಕಳು ಒಬ್ಬೊಬ್ಬರಾಗಿ ರಿಜಿಸ್ಟರಿನಲ್ಲಿ ಬರೆದು ಗಿಡ ಇಡುತ್ತಿದ್ದರು. ಇವಳ ಸರದಿ ಬಂತು. ಹೆಸರು ಬರೆದಳು. ನಾಲ್ಕನೇ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ನಾನು ಎರಡು ಮಾರು ದೂರದಲ್ಲಿದ್ದೆ. ತಲೆಯೆತ್ತಿ ನನ್ನನ್ನು ನೋಡಿದಳು. ಬೈಯುವ ನೋಟವಲ್ಲ, ಏನು ಬರೆಯಲಿ ಎಂದು ಕೇಳುವ ನೋಟ. ಸುಳ್ಳು ಬರೆ ಎಂದು ಹೇಳಬೇಕಾದವಳು ನಾನೇ ಎಂದು ಆಗ ತಿಳಿಯಿತು. ಎದೆ ಹೊಡೆದುಕೊಳ್ಳುತ್ತಿತ್ತು. ಹತ್ತಿರ ಹೋಗಿ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, "ನಿಂತ ಮರದಿಂದ ಕೀಳಿಸಿದ್ದು" ಎಂದು ಬರೆದು ನನ್ನ ಹೆಸರು ಹಾಕಿದೆ. ಗಿಡ ಮೇಜಿನ ಮೇಲೆ ಹೋಗಲಿಲ್ಲ. ಮೇಷ್ಟ್ರು ಓದಿದರು, ಕನ್ನಡಕ ಒರೆಸಿಕೊಂಡರು. "ಯಾವ ಮರ ಅಂತ ಗೊತ್ತಾ?" ಎಂದಷ್ಟೇ ಕೇಳಿದರು. ಅವರು ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತು.

ಅದೇ ಸಂಜೆ ಹುಡುಗನನ್ನು ಕರೆದುಕೊಂಡು ನಾನು, ಮಗಳು, ಮೇಷ್ಟ್ರು ಹೋದೆವು. ಕೆರೆಯ ಏರಿಯ ಆಚೆ, ರಸ್ತೆಯ ಬದಿಗೆ ಒಂದು ಹಳೆಯ ಮತ್ತಿಮರ. ಆಳೆರಡಾಳು ಎತ್ತರದಲ್ಲಿ ಗಿಡ ಇದ್ದ ಜಾಗ ಕಾಣುತ್ತಿತ್ತು. ತೊಗಟೆಯ ಮೇಲೆ ಹರಿದ ಬೇರುಗಳು ಇನ್ನೂ ಅಂಟಿಕೊಂಡೇ ಇದ್ದವು, ಬಿಳಿ ದಾರದ ತುಂಡುಗಳ ಹಾಗೆ. ಮಳೆ ಹನಿಯುತ್ತಿದ್ದುದರಿಂದ ಅವು ಹಸಿರಾಗಿದ್ದವು. ಗಿಡವೇ ಇಲ್ಲದಿದ್ದರೂ ನೀರು ಕುಡಿಯುತ್ತಿದ್ದವು. ಒಮ್ಮೆ ಕಿತ್ತ ಬೇರು ಮತ್ತೆ ಅಂಟುವುದಿಲ್ಲ, ಹೊಸ ಬೇರೇ ಹುಟ್ಟಿ ಹಿಡಿಯಬೇಕು ಎಂದರು ಮೇಷ್ಟ್ರು. ಹೂವಿಗೆ ಶಕ್ತಿ ವ್ಯರ್ಥವಾಗಬಾರದೆಂದು ಎರಡೂ ಜಡೆಗಳನ್ನು ಕತ್ತರಿಸಲು ಹೇಳಿದರು. ಕತ್ತರಿಸಿದವಳು ಮಗಳು. ಹುಡುಗ ಏಣಿ ಹಿಡಿದ, ನಾನು ಹತ್ತಿ ದರ್ಜಿಯವರ ಬಟ್ಟೆಯ ಪಟ್ಟಿಯಿಂದ ಅದೇ ಜಾಗದ ಸ್ವಲ್ಪ ಕೆಳಗೆ ಕಟ್ಟಿದೆ. ಮದುವೆಯಾದ ಮೇಲೆ ನಾನು ಏಣಿ ಹತ್ತಿದ್ದು ಅದೇ ಮೊದಲು.

ಆ ಮಳೆಗಾಲದಲ್ಲಿ ಮೂರು ಎಲೆ ಉದುರಿದವು. ಬೇಸಿಗೆಯಲ್ಲಿ ಸತ್ತಿತೆಂದೇ ಅಂದುಕೊಂಡೆವು. ಮಗಳು ಎಸ್ಸೆಸ್ಸೆಲ್ಸಿ ಬರೆದಳು, ಗಣಿತದಲ್ಲಿ 71 ಬಂತು. ನಾನು ಬಯಸಿದ್ದಕ್ಕಿಂತ ಕಡಿಮೆ. ಆ ಹತ್ತು ಭಾನುವಾರಗಳು ಟ್ಯೂಷನ್ನಿಗೆ ಹೋಗಿದ್ದರೆ ಎಂಬತ್ತು ಬರುತ್ತಿತ್ತೇನೋ. ಕೂಟದವರ ಮುಂದೆಯೂ ಇದನ್ನು ಹೇಳಿದ್ದೇನೆ. ಈಗ ಅವಳು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಎರಡನೇ ಭಾನುವಾರ ಕೂಟಕ್ಕೆ ಹೋಗುವವಳು ನಾನೊಬ್ಬಳೇ. ಬೀಜದ ಬಾಟಲಿಯೂ ಸುತ್ತಿ ಸುತ್ತಿ ನಮ್ಮ ಮನೆಗೇ ಬಂದಿದೆ.

2025ರ ಜೂನ್‌ನಲ್ಲಿ ಮತ್ತಿಮರದ ಹತ್ತಿರ ಹೋಗಿದ್ದೆ. ಬಟ್ಟೆಯ ಪಟ್ಟಿ ಕೊಳೆತು ಉದುರಿಹೋಗಿತ್ತು. ಗಿಡ ಬಿದ್ದಿರಲಿಲ್ಲ. ಹಸಿರು ತುದಿಯ ಎರಡು ಹೊಸ ಬೇರುಗಳು ತೊಗಟೆಯ ಸೀಳಿಗೆ ಇಳಿದಿದ್ದವು, ಒಂದು ಗೇಣಿನಷ್ಟು. ಹೂವು ಇರಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ರಾತ್ರಿ ಫೋನು ಮಾಡಿದಳು. ಊಟವಾಯಿತೇ ಎಂದು ನಾನು ಕೇಳುವ ಮೊದಲೇ, "ರಿಜಿಸ್ಟರಿನಲ್ಲಿ ಬರೆದೆಯಾ?" ಎಂದಳು.

ಬರೆದಿದ್ದೆ. ಮೂರನೇ ಕಾಲಮ್ಮಿನಲ್ಲಿ, ಯಾರಲ್ಲಿದೆ ಎಂಬಲ್ಲಿ, ಮತ್ತಿಮರ ಎಂದು.