ನಮ್ಮ ಬ್ಯಾಕ್‌ಗ್ರೌಂಡು

‘ನಿಮ್ಮ ಬ್ಯಾಕ್‌ಗ್ರೌಂಡ್ ಏನಪ್ಪಾ?’

ಕೊಳ್ಳೇಗಾಲದ ಹಿರಿಯ ವಕೀಲರೊಬ್ಬರು ಕೇಳಿದ ಮೊದಲ ಮಾತು ಇದು. ಹನೂರು ಕಡೆಯ ಒಂದೇ ಕೇರಿಯ ನಾವಿಬ್ಬರು ಅವರ ಮುಂದೆ ನಿಂತಿದ್ದೆವು. ಒಬ್ಬ ಲಾ ಮುಗಿಸಿ ಜೂನಿಯರ್ ಆಗಲು ಬಂದವನು. ಇನ್ನೊಬ್ಬ ಪದ್ಯ ಬರೆಯುವವನು, ಬರೀ ಧೈರ್ಯಕ್ಕೆ ಬಂದವನು. ಅವರು ಮಾರ್ಕ್ಸ್‌ಕಾರ್ಡು ಮುಟ್ಟಲಿಲ್ಲ.

‘ವ್ಯವಹಾರದ ಕೇಸು ಅಂದ್ರೆ ಪಾರ್ಟಿಗಳು ಬೇಕು. ರೇಷ್ಮೆಯವರು, ಕ್ವಾರಿಯವರು, ಫೈನಾನ್ಸಿನವರು ಯಾರಾದ್ರೂ ಗೊತ್ತಾ? ಮನೇಲಿ ವಕೀಲರಿದ್ದಾರಾ?’

ಇಲ್ಲ ಸಾರ್ ಅಂದೆವು.

‘ಹಂಗಾದ್ರೆ ಕ್ರಿಮಿನಲ್ ಕಡೆ ನೋಡಿ. ನಿಮ್ಮವರ ಕೇಸು ಬರ್ತವೆ.’

ಮೆಟ್ಟಿಲಿಳಿದು ಟೀ ಕುಡಿಯುವಾಗ ಸಿಟ್ಟು ಬಂತು. ನಮಗೆ ವ್ಯವಹಾರದ ಬ್ಯಾಕ್‌ಗ್ರೌಂಡ್ ಇಲ್ಲವೆ? ಕೊಳ್ಳೇಗಾಲದ ರೇಷ್ಮೆ ನಾಡಿಗೆಲ್ಲ ಸೀರೆ. ನಮ್ಮ ಅವ್ವಂದಿರಿಗೆ ಬಿಸಿನೀರಲ್ಲಿ ಬೆಂದ ಬೆರಳು. ನಮ್ಮಲ್ಲೊಬ್ಬನ ಅಪ್ಪ, ಯಾರ ಅಪ್ಪನಾದರೇನು, ಮಗಳ ಮದುವೆಗೆ ಮೊದಲಾಳಿಯಿಂದ ಎಂಟು ಸಾವಿರ ತಂದ. ಸ್ಟಾಂಪು ಹಚ್ಚಿದ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅದು ಐವತ್ತು ಸಾವಿರದ ಪ್ರೋನೋಟಾಯಿತು. ಕೋರ್ಟಿನಿಂದ ಸಮನ್ಸ್ ಬಂತು. ಓದಿಸಲು ಅಪ್ಪ ಅದನ್ನು ಒಯ್ದದ್ದು ಆ ಮೊದಲಾಳಿಯ ಹತ್ತಿರಕ್ಕೇ! ‘ಏನಿಲ್ಲ, ಹೋಗ್ಲಾ’ ಅಂದನಂತೆ. ಎಕ್ಸ್‌ಪಾರ್ಟಿ ಡಿಕ್ರಿ ಆಯಿತು. ಜಮೀನಿನ ಜಪ್ತಿ ಸಾರಲು ಅಮೀನ ಬಂದಾಗ ತಮಟೆ ಬಡಿದವನು ನಮ್ಮ ದೊಡ್ಡಪ್ಪನೇ. ಬಡಿದದ್ದಕ್ಕೆ ಕೂಲಿ ಕೊಟ್ಟರು. ಅದನ್ನವನು ಅವ್ವನ ಕೈಗೆ ಕೊಟ್ಟು ಹೋದ.

ಹೀಗೆ ಸ್ಟಾಂಪಿನ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟರೆ, ಪಡೆದವನು ಅದನ್ನು ತುಂಬಿಕೊಳ್ಳಬಹುದು ಎನ್ನುತ್ತದೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ 20ನೇ ಸೆಕ್ಷನ್. ದುಡ್ಡು ಕೊಟ್ಟೇ ಬರೆಸಿಕೊಂಡದ್ದು ಎಂದು ಕೋರ್ಟು ಮೊದಲಿಗೆ ನಂಬಿಕೊಳ್ಳಬೇಕು ಎನ್ನುತ್ತದೆ 118. ಅಲ್ಲ ಎಂದು ತೋರಿಸುವ ಭಾರ ಹೆಬ್ಬೆಟ್ಟಿನವನ ಮೇಲೆ. ಗೆಳೆಯ ಲಾ ಕಾಲೇಜಿನಲ್ಲಿ ಈ ಸೆಕ್ಷನ್ ಓದಿದ ದಿನ ಊಟ ಮಾಡಲಿಲ್ಲ.

ಬಾಬಾಸಾಹೇಬರ ಬ್ಯಾಕ್‌ಗ್ರೌಂಡನ್ನೂ ಹೀಗೇ ಕೇಳಿದ್ದರು. ಷೇರು ವ್ಯಾಪಾರಕ್ಕೆ ಸಲಹೆ ಕೊಡುವ ಕಚೇರಿ ತೆರೆದರೆ, ಜಾತಿ ತಿಳಿದೊಡನೆ ಗಿರಾಕಿಗಳು ಕಾಲ್ತೆಗೆದರು. 1922ರಲ್ಲಿ ಗ್ರೇಸ್ ಇನ್‌ನ ಬ್ಯಾರಿಸ್ಟರ್, 1923ರಲ್ಲಿ ಮುಂಬಯಿ ಹೈಕೋರ್ಟಿನ ವಕೀಲ. ಕೊಲಂಬಿಯಾ, ಲಂಡನ್ನಿನ ಪದವಿಗಳಿದ್ದರೂ ಸಾಲಿಸಿಟರುಗಳು ಕೇಸು ಕೊಡಲು ಹಿಂದೆಗೆದರು. ಹೊಟ್ಟೆಪಾಡಿಗೆ 1925ರಿಂದ 1928ರವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ಪಾಠ ಹೇಳಿದರು. ಯಾವ ಪಾಠ? ವ್ಯಾಪಾರದ ಕಾನೂನು! ವ್ಯಾಪಾರಿಗಳು ಹತ್ತಿರ ಸೇರಿಸದವನು ವ್ಯಾಪಾರದ ಕಾನೂನು ಕಲಿಸಿದ. ಸಂವಿಧಾನದ ಅಂಬೇಡ್ಕರರನ್ನು ಸ್ಟೇಜಿನ ಮೇಲೆ ಹೊಗಳುವ ನಾವು ಈ ಮೇಷ್ಟರನ್ನು ಮರೆತಿದ್ದೇವೆ.

ಗೆಳೆಯ ಈಗ ಯಳಂದೂರಿನಲ್ಲಿ, ಏನೂ ಕೇಳದೆ ಕುರ್ಚಿ ತೋರಿಸಿದ ಇನ್ನೊಬ್ಬ ವಕೀಲರ ಹತ್ತಿರ ಇದ್ದಾನೆ. ಚೆಕ್ ಬೌನ್ಸು, ಪ್ರೋನೋಟುಗಳೇ ಹೆಚ್ಚು. ಸಂಬಳವೆಂದರೆ ಬಸ್ ಚಾರ್ಜು.

ಹೋದ ವಾರ ನಾವು ಅಲ್ಲಿದ್ದಾಗ ಮುದುಕಿಯೊಬ್ಬಳು ಮಡಿಲಿನಿಂದ ಮಡಿಸಿದ ಕಾಗದ ತೆಗೆದಳು.

‘ಓದು ಮಗಾ. ದುಡ್ಡು ಕೊಟ್ಟೋರತ್ರನೇ ತಕ್ಕೊಂಡೋಗನ ಅಂತಿದ್ದಿ.’

‘ಬ್ಯಾಡ ಕನವ್ವ, ಕುಂತ್ಕೊ’ ಅಂದ ಗೆಳೆಯ. ಮೊದಲು ತಾರೀಖು ಓದಿ ಹೇಳಿದ. ಇನ್ನೂ ಒಂಬತ್ತು ದಿನ ಇತ್ತು.