ಬಲಗಡೆಯ ಸೀಟು

ಇಟಲಿಯ ಸ್ಟೆಲ್ವಿಯೊ ಘಾಟಿಯಲ್ಲಿ ಕಾರು ಓಡಿಸಬೇಕು ಅನ್ನೋದು ನನ್ನ ಹಳೇ ಹುಚ್ಚು. ಎತ್ತರ 2757 ಮೀಟರ್, ಒಂದು ಬದಿಯಲ್ಲೇ 48 ಹೇರ್‌ಪಿನ್ ತಿರುವು. ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿರುತ್ತೆ, ಹಾಗಾಗಿ ಜುಲೈಗೆ ರಜೆ ಹಾಕಿದೆ. ಆರ್‌ಟಿಓಗೆ ಫಾರ್ಮ್ 4ಎ, ಪಾಸ್‌ಪೋರ್ಟ್ ತೋರಿಸಿ ಸಾವಿರ ರೂಪಾಯಿ ಕಟ್ಟಿದ್ರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಸಿಗುತ್ತೆ. ಅದರ ಆಯಸ್ಸು ಹೆಚ್ಚೆಂದರೆ ಒಂದು ವರ್ಷ. ನಮ್ಮ ಒರಿಜಿನಲ್ ಲೈಸೆನ್ಸ್ ಜೊತೆಗಿಲ್ಲದಿದ್ರೆ ಅದು ಬರೀ ಪುಸ್ತಕ.

ಸುದ್ದಿ ಹೇಳೋಕೆ ಕೊಪ್ಪಕ್ಕೆ ಹೋದೆ. ನನಗೆ ಡ್ರೈವಿಂಗ್ ಕಲಿಸಿದ್ದು ಅಪ್ಪಯ್ಯ, ಶೃಂಗೇರಿ ರಸ್ತೆಯಲ್ಲಿ. ತಿರುವು ಕಂಡಲ್ಲೆಲ್ಲ ಹಾರ್ನ್ ಹೊಡೀಬೇಕು ಅನ್ನೋದು ಅವರ ಮೊದಲ ಪಾಠ.

ಸಂಜೆ ನರಸಿಂಹರಾಜಪುರದ ಅತ್ತೆ ಮನೆಗೆ ಹೊರಟೆವು. ಅಪ್ಪಯ್ಯ ಕೀಲಿಯನ್ನ ನನ್ನ ಕೈಗಿಟ್ಟು ಎಡಗಡೆ ಬಾಗಿಲು ತೆಗೆದರು. ಎಂದೂ ಹಾಗೆ ಮಾಡಿದವರಲ್ಲ.

"ಎದುರಿನ ಲೈಟು ಕಣ್ಣಿಗೆ ಚುಚ್ತದೆ ಮಾರಾಯ. ರಾತ್ರಿ ಗಾಡಿ ಮುಟ್ಟದೆ ಆರು ತಿಂಗಳಾಯ್ತು."

"ಫೋನಲ್ಲಿ ಹೇಳೋದಲ್ವಾ ಅಪ್ಪಯ್ಯ?"

"ನೀ ಕೇಳ್ಲಿಲ್ಲ."

ಇಟಲಿಯ ತಿರುವುಗಳೆಲ್ಲ ನನಗೆ ಬಾಯಿಪಾಠವಾಗಿತ್ತು. ಮನೆಯ ಸುದ್ದಿ ಗೊತ್ತಿರಲಿಲ್ಲ. ಅವತ್ತು ಇಡೀ ದಾರಿ ನಿಧಾನಕ್ಕೇ ಓಡಿಸಿದೆ.

ಈಗ ಮೊದಲು ಕಣ್ಣಾಸ್ಪತ್ರೆ, ಆಮೇಲೆ ಆರ್‌ಟಿಓ. ಡಾಕ್ಟರು ಹೂಂ ಅಂದ್ರೆ ವೀಸಾ ಅರ್ಜಿ ಎರಡು. ಅಲ್ಲಿ ಸ್ಟೀರಿಂಗ್ ಎಡಕ್ಕಿರುತ್ತೆ, ಅಪ್ಪಯ್ಯ ತಮ್ಮ ಹಳೇ ಬಲಗಡೆಯಲ್ಲೇ ಕೂರಬಹುದು. ಇಲ್ಲದ ಬ್ರೇಕನ್ನ ಕಾಲಲ್ಲಿ ಒತ್ತುತ್ತಾ, 48 ಸಲ "ಹಾರ್ನ್ ಹೊಡಿಯೋ" ಅಂತಾರೆ. ಹೊಡೀತೀನಿ.